ಸಹಾಯ ಬೇಕು: ನೋಡ್‌ನಲ್ಲಿ ಟೈಮ್ ಸರಿ, ಕಂಟೇನರ್‌ನಲ್ಲಿ ಐದೂವರೆ ತಾಸು ಹಿಂದೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ತೂಕದ ಚೀಟಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಅದು ಕುಬರ್ನೆಟಿಸ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ಮೇಲೆ ಓಡುತ್ತದೆ. ರಾತ್ರಿ 2ಕ್ಕೆ ತೂಗಿದ ಕಬ್ಬಿನ ಟ್ರ್ಯಾಕ್ಟರ್‌ಗೆ ಹಿಂದಿನ ದಿನದ 20:30 ಅಂತ ಚೀಟಿ ಬರುತ್ತಿದೆ. ತಾರೀಖೇ ಬೇರೆ ಆದರೆ ರೈತರು ಸುಮ್ನೆ ಬಿಡ್ತಾರಾ?

ನೋಡ್‌ಗಳಲ್ಲಿ, ಅಂದರೆ ಕಂಟೇನರ್ ಓಡುವ ಸರ್ವರ್‌ಗಳಲ್ಲಿ, ಏಷ್ಯಾ/ಕೋಲ್ಕತಾ (ಭಾರತದ ಸಮಯ) ಹಾಕಿದ್ದೇವೆ. ಕಂಟೇನರ್ ಅದನ್ನು ತಗೊಳ್ಳುವುದಿಲ್ಲ, ಯುಟಿಸಿ ಎಂಬ ಜಾಗತಿಕ ಸಮಯದಲ್ಲೇ ಇರುತ್ತದೆ ಅಂತ ಗೊತ್ತು. ಅದಕ್ಕೇ ಪಾಡ್‌ನಲ್ಲಿ (ಕಂಟೇನರ್ ಇರುವ ಕುಬರ್ನೆಟಿಸ್ ಘಟಕ) ಸಮಯ ವಲಯ ತಿಳಿಸುವ ಟಿಝಡ್ ವೇರಿಯೇಬಲ್ ಕೊಟ್ಟೆವು. ಡೆಬಿಯನ್ ಲಿನಕ್ಸ್‌ನ ಇಮೇಜ್‌ನಲ್ಲಿ (ಕಂಟೇನರ್ ತಯಾರಾಗುವ ಮೂಲ ಪ್ಯಾಕ್) ಕೆಲಸ ಮಾಡಿತು, ಆಲ್ಪೈನ್ ಲಿನಕ್ಸ್‌ನದರಲ್ಲಿ ಇಲ್ಲ. ಅದರಲ್ಲಿ ಸಮಯ ವಲಯಗಳ ಮಾಹಿತಿ ಇರುವ ಟಿಝಡ್‌ಡೇಟಾ ಪ್ಯಾಕೇಜೇ ಇಲ್ಲ. ಆ ಆಲ್ಪೈನ್ ಇಮೇಜ್ ಹೊರಗಿನವರದ್ದು, ನಾವು ಮುಟ್ಟುವಂತಿಲ್ಲ. ನೋಡ್‌ನ ಲೋಕಲ್‌ಟೈಮ್ ಫೈಲ್ ಕಂಟೇನರ್‌ಗೆ ಮೌಂಟ್ ಮಾಡೋಣ (ಒಳಗೆ ಜೋಡಿಸೋಣ) ಅಂದರೆ ಹೋಸ್ಟ್‌ಪಾತ್‌ಗೆ, ಅಂದರೆ ನೋಡ್‌ನ ಫೈಲ್ ಹಾಗೆ ಬಳಸುವುದಕ್ಕೆ, ನಮ್ಮ ಪಾಲಿಸಿ ಬಿಡುತ್ತಿಲ್ಲ.

ಸಮಯ ವಲಯದ ಝೋನ್ ಫೈಲನ್ನು ಕಾನ್ಫಿಗ್‌ಮ್ಯಾಪ್‌ನಲ್ಲಿ (ಕುಬರ್ನೆಟಿಸ್ ಸೆಟ್ಟಿಂಗ್ ಇಡುವ ಜಾಗ) ಇಟ್ಟು ಮೌಂಟ್ ಮಾಡಲೇ? ಅಥವಾ ಟಿಝಡ್‌ಗೆ ‘ಐಎಸ್‌ಟಿ-5:30’ ಅಂತ ನೇರವಾಗಿ ಕೊಟ್ಟರೆ ಸಾಕಾ? ಪ್ರೊಡಕ್ಷನ್‌ನಲ್ಲಿ ಬಳಸಿದವರು ದಯವಿಟ್ಟು ಹೇಳಿ. ನಿಗದಿತ ಹೊತ್ತಿಗೆ ಓಡುವ ಕ್ರಾನ್‌ಜಾಬ್ ಕೆಲಸಗಳ ಚಿಂತೆ ಇಲ್ಲ, ನಮ್ಮದು ಕುಬರ್ನೆಟಿಸ್ 1.27, ಅದರಲ್ಲಿ ಟೈಮ್‌ಝೋನ್ ಫೀಲ್ಡ್ ಇದೆ.