ಅಪ್‌ಡೇಟ್: ಮಗಳ ಜೊತೆ ‘ಏಲಿಯನ್’ ನೋಡಿದೆವು

12 ವರ್ಷದ ಮಗಳಿಗೆ 1979ರ ‘ಏಲಿಯನ್’ ಅನ್ನೋ ಬಾಹ್ಯಾಕಾಶದ ಹಾರರ್ ಸಿನಿಮಾ ತೋರಿಸಬಹುದಾ ಅಂತ ಹೋದ ವಾರ ಇಲ್ಲಿ ಕೇಳಿದ್ದೆನಲ್ಲ, ಶನಿವಾರ ನೋಡಿದೆವು.

‘ಮೊದಲು ನೀವೊಬ್ಬರೇ ನೋಡಿ’ ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಕೈ ಹಿಡಿಯಿತು. ಊಟ ಮಾಡ್ತಿರುವಾಗಲೇ ಒಬ್ಬನ ಎದೆ ಸೀಳಿಕೊಂಡು ಅನ್ಯಗ್ರಹದ ಪ್ರಾಣಿಯ ಮರಿ ಹೊರಗೆ ಬರುತ್ತೆ ಅಂತ ಅವಳಿಗೆ ಮುಂಚೆಯೇ ಹೇಳಿದ್ದೆ. ಆ ದೃಶ್ಯ ಬಂದಾಗ ದಿಂಬು ಅವಚಿಕೊಂಡು ಒಂದೇ ಕಣ್ಣಲ್ಲಿ ನೋಡಿದಳು.

ಭಯದ ಜಾಗ ಫಾರ್ವರ್ಡ್ ಮಾಡಿ ಓಡಿಸಿಬಿಡಿ ಅನ್ನೋ ಸಲಹೆ ಮಾತ್ರ ನಡೆಯಲಿಲ್ಲ. ಮೊಟ್ಟೆಯಿಂದ ಒಂದು ಜೀವಿ ಹಾರಿ ಒಬ್ಬನ ಮುಖಕ್ಕೆ ಅಂಟಿಕೊಳ್ಳುವ ದೃಶ್ಯವನ್ನು ದಾಟಿಸಿದ್ದೆ. ಅಲ್ಲಿ ಏನಾಯ್ತೋ ಅಂತ ಊಹಿಸಿಕೊಂಡೇ ಜಾಸ್ತಿ ಹೆದರಿದಳು. ಹಿಂದಕ್ಕೆ ಹೋಗಿ ತೋರಿಸಿದ ಮೇಲೇ ಸಮಾಧಾನ.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಅವಳ ಚಿಂತೆಯೆಲ್ಲ ಬಾಹ್ಯಾಕಾಶ ನೌಕೆಯಲ್ಲಿರೋ ಬೆಕ್ಕು ಜೋನ್ಸ್ ಬಗ್ಗೆ! ‘ಅದಕ್ಕೇನೂ ಆಗಲ್ಲ ಅಲ್ವಾ ಅಮ್ಮಾ?’ ಅಂತ ನಾಲ್ಕು ಸಲ ಕೇಳಿದಳು. ಆಗಲ್ಲ ಕಣೇ ಅಂತ ಹೇಳಿಬಿಟ್ಟೆ. ಆ ಏಲಿಯನ್ ವೇಷದೊಳಗೆ ಇದ್ದದ್ದು ಬೊಲಾಜಿ ಬಡೇಜೊ ಅನ್ನೋ ತುಂಬಾ ಎತ್ತರದ ನೈಜೀರಿಯಾದ ಯುವಕ ಅಂದಾಗ ಅರ್ಧ ಭಯ ಇಳಿಯಿತು.

ಅಮೆರಿಕದಲ್ಲಿ ಇದಕ್ಕೆ ‘ಆರ್’ ಸರ್ಟಿಫಿಕೇಟ್, 17ರೊಳಗಿನವರ ಜೊತೆ ದೊಡ್ಡವರು ಇರಲೇಬೇಕು. ಅದು ಸರಿಯೇ. 8 ವರ್ಷದ ಮಗನಿಗೆ ಈಗಲೇ ಖಂಡಿತ ತೋರಿಸಲ್ಲ. ಮಗಳು ಒಂದು ರಾತ್ರಿ ಲೈಟ್ ಹಾಕಿಕೊಂಡು ಮಲಗಿದಳು, ಅಷ್ಟೇ.