ಅಪ್‌ಡೇಟ್: ಹಳದಿ ಅಂಟು ಹಾಳಿಗೆ ಗುಬ್ಬಿ, ಹಲ್ಲಿ ಅಂಟೂದು ನಿಂತೈತಿ

ವಿಜಯಪುರದಾಗ ಹಿತ್ತಲ ಬದನಿ ಗಿಡಕ್ಕ ಬಿಳಿನೊಣ ಹಿಡ್ಯಾಕ ಕಟ್ಟಿದ ಹಳದಿ ಅಂಟು ಹಾಳಿಗೆ ಗುಬ್ಬಿ, ಹಲ್ಲಿ ಸಿಗತಾವು, ಏನ್ ಮಾಡೂದು ಅಂತ ಕೇಳಿದ್ದೆ.

ಹಳೇ ಸಿಡಿ ತೂಗಬಿಡ್ರಿ ಅಂದಿದ್ರಿ. ಎರಡು ದಿನ ಅಷ್ಟ, ಆಮ್ಯಾಲೆ ಗುಬ್ಬಿ ಕ್ಯಾರೇ ಅನ್ನಲಿಲ್ಲ. ಕೆಲಸಕ್ಕ ಬಂದದ್ದು ಹಾಳಿ ಸುತ್ತ ಕಟ್ಟಿದ ತಂತಿ ಜಾಳಿಗಿ ಗೂಡು. 1/2 ಇಂಚಿನ ಕಣ್ಣಿಂದು ಗುಬ್ಬಿ ತಡೀತು, ಹಲ್ಲಿ ಮರಿ ನುಸುಳಿದವು. 1/4 ಇಂಚಿಂದು ಹಾಕಿದ ಮ್ಯಾಲೆ ಅವೂ ನಿಂತವು. ಬಿಳಿನೊಣ ಆರಾಮ ಒಳಗ ಹೋಗತಾವು. ಹಾಳಿ ಸುತ್ತ 2 ಇಂಚು ಜಾಗ ಬಿಡ್ರಿ, ಇಲ್ಲಾಂದ್ರ ಗಾಳಿಗೆ ತೂಗಿ ಜಾಳಿಗಿಗೇ ಮೆತ್ತತೈತಿ. ತಳಾನೂ ಮುಚ್ಚಬೇಕು.

ಗೊತ್ತಿರದ ಮಾತೊಂದು: ಬಿಳಿನೊಣ ಹಾರೂದು ಹಗಲಿಗೆ, ಹಲ್ಲಿ ಬೇಟಿ ರಾತ್ರಿ. ಹಂಗಾಗಿ ಸಂಜಿಕ ಹಾಳಿ ಬಿಚ್ಚಿ ಡಬ್ಬ್ಯಾಗ ಇಟ್ಟರ ಅರ್ಧ ತ್ರಾಸ ಕಡಿಮಿ. ಗುಲಗಂಜಿ ಹುಳಾನೂ ಅಂಟತಾವು, ಅವು ಗಿಡದ ಹೇನು ತಿನ್ನೂವು. ಬಿಳಿನೊಣ ಕಡಿಮಿ ಆದಕೂಡಲೇ ಹಾಳಿ ತಗೀರಿ.

ಅಂಟಿದ ಹಲ್ಲಿ ಜಗ್ಗಬ್ಯಾಡ್ರಿ, ಚರ್ಮ ಕಿತ್ತು ಬರತೈತಿ. ಸುತ್ತಲಿನ ಅಂಟಿಗೆ ಹಿಟ್ಟು ಉದುರಿಸಿ, ಹತ್ತಿಲೆ ಅಡಗಿ ಎಣ್ಣಿ ಹಚ್ಚಿ ಒಂದೊಂದೇ ಕಾಲು ಬಿಡಿಸ್ರಿ. ಹಕ್ಕಿಗೆ ಎಣ್ಣಿ ಹನಿಯಷ್ಟ ಸಾಕು, ಪುಕ್ಕ ತೊಯ್ದರ ಹಾರಾಕ ಬರೂದಿಲ್ಲ.