ಸಹಾಯ ಬೇಕು: ಎತ್ತೋದು ಲೈಟ್, ನಿಲ್ಲೋದು 2 ಗಂಟೆ. ಇದು ಯಾವ ವರ್ಗ?

ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ ಅರ್ಜಿ ಬಗ್ಗೆ ಗೊತ್ತಿರೋರು ದಯವಿಟ್ಟು ಹೇಳಿ.

ಅರ್ಜಿದಾರರಿಗೆ 52 ವರ್ಷ, ಹೈಸ್ಕೂಲ್ ಮುಗಿದಿದೆ. ಹಿಂದೆ ಮಾಡಿದ್ದು ಗೋದಾಮಿನಲ್ಲಿ ಭಾರ ಎತ್ತೋ ಕೆಲಸ, ವಿಶೇಷ ಕೌಶಲ ಬೇಕಿಲ್ಲದ್ದು. ಈಗ ಬೆನ್ನುಹುರಿ ಸಮಸ್ಯೆ. ಆರ್‌ಎಫ್‌ಸಿಯಲ್ಲಿ (ಕಾಯಿಲೆ ಇದ್ದೂ ದಿನಕ್ಕೆ 8 ಗಂಟೆ, ವಾರಕ್ಕೆ 5 ದಿನ ಹೆಚ್ಚೆಂದರೆ ಎಷ್ಟು ಮಾಡಬಲ್ಲರು ಅನ್ನೋ ಲೆಕ್ಕ) ಹೀಗಿದೆ: ಕೆಲವೊಮ್ಮೆ, ಅಂದರೆ ದಿನದ ಮೂರನೇ ಒಂದು ಭಾಗದವರೆಗೆ, 20 ಪೌಂಡ್, ಪದೇ ಪದೇ 10 ಪೌಂಡ್, ನಿಲ್ಲೋದು-ನಡೆಯೋದು ಸೇರಿ 2 ಗಂಟೆ, ಕೂರೋದು 6 ಗಂಟೆ.

ತೂಕ ನೋಡಿದರೆ 'ಲೈಟ್' (ಹಗುರ ಕೆಲಸದ ವರ್ಗ). ಆದರೆ ಪೂರ್ತಿ ಲೈಟ್‌ಗೆ ಸುಮಾರು 6 ಗಂಟೆ ನಿಲ್ಲಬೇಕು. 2 ಗಂಟೆ ಅಂದರೆ 'ಸೆಡೆಂಟರಿ' (ಹೆಚ್ಚಾಗಿ ಕೂತು ಮಾಡೋ ಕೆಲಸದ ವರ್ಗ). ಇಲಾಖೆಯ ತೀರ್ಮಾನದ ಪತ್ರದಲ್ಲಿ ಬರೀ 'ಲೈಟ್' ಅಂತ ಬರೆದು ತಿರಸ್ಕರಿಸಿದ್ದಾರೆ. ವ್ಯತ್ಯಾಸ ಸಣ್ಣದಲ್ಲ: ಗ್ರಿಡ್ (ವಯಸ್ಸು, ಓದು, ಹಿಂದಿನ ಕೆಲಸ ನೋಡಿ ಅರ್ಹತೆ ಹೇಳೋ ಕೋಷ್ಟಕ) ನಿಯಮ 201.12ರಂತೆ ಸೆಡೆಂಟರಿಯಾದರೆ ಅರ್ಹರು, 202.13ರಂತೆ ಲೈಟ್ ಆದರೆ ಅಲ್ಲ.

ಮೊದಲು ಕೊಟ್ಟ 'ಕೆಲಸ ಮಾಡಲಾರರು' ಅನ್ನೋ ಡಾಕ್ಟರ್ ಚೀಟಿ ಉಪಯೋಗಕ್ಕೆ ಬರಲಿಲ್ಲ. ಆ ತೀರ್ಮಾನ ಇಲಾಖೆಯದು, ಡಾಕ್ಟರದ್ದಲ್ಲ. ಆಮೇಲೆ ಗಂಟೆ, ಪೌಂಡ್ ಲೆಕ್ಕದ ಫಾರ್ಮ್ ತುಂಬಿಸಿ, ಎಂಆರ್‌ಐ ಸೇರಿಸಿ, 60 ದಿನದೊಳಗೆ ರೀಕನ್ಸಿಡರೇಷನ್ (ಮರುಪರಿಶೀಲನೆ ಕೋರಿಕೆ) ಹಾಕಿದ್ದೂ ತಿರಸ್ಕಾರ. ಈಗ ನ್ಯಾಯಾಧೀಶರ ವಿಚಾರಣೆ ಕೋರಿದೆ.

ಎರಡು ವರ್ಗದ ನಡುವೆ ಬಿದ್ದರೆ ಉದ್ಯೋಗ ತಜ್ಞರನ್ನು (ಅರ್ಜಿದಾರರು ಮಾಡಬಲ್ಲ ಕೆಲಸಗಳು ಯಾವುವು ಅಂತ ಹೇಳೋರು) ಕೇಳಬಹುದು ಅಂತ ಎಸ್‌ಎಸ್‌ಆರ್ 83-12 (ಇಲಾಖೆಯ ಒಂದು ಅಧಿಕೃತ ವಿವರಣೆ) ಹೇಳುತ್ತೆ. ತೊಡಕು ಇಲ್ಲೇ: ಕೂತು ಲಿವರ್ ತಳ್ಳೋ-ಎಳೆಯೋ ಕೆಲಸಗಳೂ ಲೈಟ್‌ನಲ್ಲಿ ಬರುತ್ತವೆ, ತಜ್ಞರು ಅವನ್ನೇ ತೋರಿಸಬಹುದು.

ಹಾಗೆ ತೋರಿಸಿದರೆ, 2 ಗಂಟೆಯ ಮಿತಿಗೆ 201.12 ಅನ್ವಯಿಸಬೇಕು ಅಂತ ವಾದಿಸೋಕೆ ತಜ್ಞರಿಗೆ ನಿಖರವಾಗಿ ಯಾವ ಪ್ರಶ್ನೆ ಕೇಳಬೇಕು?